ಮಂಡಿ ಆಪರೇಷನ್ ನಂತರದ ನೋವಿನ ಮಾತ್ರೆಗಳು: ಔಷಧಿ ಚೀಲದ ವಿಮರ್ಶೆ

ಮಂಡಿ ಕೀಲು ಬದಲಾಯಿಸಿಕೊಂಡು ಮನೆಗೆ ಬರುವವರ ಜೊತೆ ಒಂದು ವಾಕರ್, ಒಂದು ಡಿಸ್ಚಾರ್ಜ್ ಸಮ್ಮರಿ ಮತ್ತು ತುಂಬಿದ ಔಷಧಿ ಚೀಲವೂ ಬರುತ್ತದೆ. ಚೀಲ ಬಿಚ್ಚಿದರೆ ಏಳೆಂಟು ಬಗೆಯ ಸ್ಟ್ರಿಪ್ಪುಗಳು: ಪ್ಯಾರಸಿಟಮಾಲ್, ಟ್ರಮಡಾಲ್ ಬೆರೆತ ಮಾತ್ರೆ, ಎಟೋರಿಕಾಕ್ಸಿಬ್ ಅಥವಾ ಅಸಿಕ್ಲೊಫೆನಾಕ್, ರಾತ್ರಿಗೆ ಪ್ರಿಗ್ಯಾಬಲಿನ್, ಹೊಟ್ಟೆಗೆ ಪ್ಯಾಂಟೊಪ್ರಜೋಲ್, ರಕ್ತ ಹೆಪ್ಪುಗಟ್ಟದಿರಲು ಒಂದು, ಬಾವು ಇಳಿಯಲೆಂದು ಇನ್ನೊಂದು. ಕೆಲವರ ತೋಳಿನ ಮೇಲೆ ನೋವಿನ ಔಷಧಿಯ ಸಣ್ಣ ಅಂಟುಪಟ್ಟಿಯೂ (ಪ್ಯಾಚ್) ಇರುತ್ತದೆ. ಈ ಚೀಲದಲ್ಲಿ ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ, ಯಾವುದು ದಂಡ, ಯಾವುದರ ಮೇಲೆ ಕಣ್ಣಿಟ್ಟಿರಬೇಕು ಎಂದು ಒಂದೊಂದಾಗಿ ನೋಡೋಣ. ಮನೆಯಲ್ಲಿ ಅಮ್ಮನನ್ನೋ ಅಪ್ಪನನ್ನೋ ನೋಡಿಕೊಳ್ಳುತ್ತಿರುವವರಿಗೆ ಮುಖ್ಯವಾಗಿ ಇದು ಬೇಕಾಗುತ್ತದೆ, ಏಕೆಂದರೆ ಮಾತ್ರೆ ತೆಗೆದು ಕೈಗೆ ಕೊಡುವವರು ಅವರೇ.

ಅಳತೆಗೋಲು ಯಾವುದು ಎಂದು ಮೊದಲೇ ಹೇಳಿಬಿಡಬೇಕು. ನೋವು ಸೊನ್ನೆಯಾಗಬೇಕು ಎಂದು ಹೊರಟರೆ ಯಾವ ಮಾತ್ರೆಯೂ ಪಾಸಾಗುವುದಿಲ್ಲ. ಮೂಳೆ ಕತ್ತರಿಸಿ ಲೋಹ ಕೂರಿಸಿದ ಕಾಲು ಅದು. ಹೇಳಿಕೊಟ್ಟ ವ್ಯಾಯಾಮ ಮಾಡುವಷ್ಟು, ವಾಕರ್ ಹಿಡಿದು ಬಚ್ಚಲಿಗೆ ಹೋಗಿಬರುವಷ್ಟು, ರಾತ್ರಿ ಒಂದು ಜಾವವಾದರೂ ಎಚ್ಚರವಾಗದೆ ಮಲಗುವಷ್ಟು ನೋವು ಇಳಿದರೆ ಆ ಔಷಧಿ ಗೆದ್ದಂತೆ. ಮಂಡಿ ಪೂರ್ತಿ ನೆಟ್ಟಗಾಗುವುದು, ಎರಡು ವಾರದ ಹೊತ್ತಿಗೆ ಸುಮಾರು 90 ಡಿಗ್ರಿ ಮಡಚುವುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ನೋವಿಗೆ ಹೆದರಿ ಮಡಚದೆ ಬಿಟ್ಟರೆ ಒಳಗೆ ಗಾಯದ ಅಂಗಾಂಶ ಬಿಗಿದುಕೊಳ್ಳುತ್ತದೆ, ಆಮೇಲೆ ಮತ್ತೆ ಅನಸ್ತೇಶಿಯಾ ಕೊಟ್ಟು ಕಾಲು ಬಗ್ಗಿಸಬೇಕಾದ ಪರಿಸ್ಥಿತಿ ಬರುತ್ತದೆ. ಹಾಗಾಗಿ ನೋವಿನ ಮಾತ್ರೆ ನುಂಗುವುದು ಸುಮ್ಮನೆ ಮಲಗಿರಲು ಅಲ್ಲ, ಕಾಲು ಆಡಿಸಲು.

ಮನೆಗೆ ಬರುವ ಮುಂಚೆಯೇ ನಡೆಯುವ ಒಂದು ಸಂಗತಿ ತಿಳಿದಿದ್ದರೆ ಗಾಬರಿ ಕಡಿಮೆ. ಆಪರೇಷನ್ ದಿನ ತೊಡೆಯ ಹತ್ತಿರ ನರಕ್ಕೆ ಬ್ಲಾಕ್ ಕೊಟ್ಟಿರುತ್ತಾರೆ, ಕೀಲಿನ ಸುತ್ತಲೂ ಮರಗಟ್ಟಿಸುವ ಔಷಧಿ ಚುಚ್ಚಿರುತ್ತಾರೆ. ಮೊದಲ ದಿನ ರೋಗಿ ನಗುನಗುತ್ತಾ ಎದ್ದು ನಡೆಯುವುದು ಇದರಿಂದಲೇ. ಆ ಔಷಧಿಯ ಪ್ರಭಾವ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ, ಆಗ ನೋವು ಒಮ್ಮೆಲೇ ಏರುತ್ತದೆ. ‘ನಿನ್ನೆ ಚೆನ್ನಾಗಿದ್ದರು, ಇವತ್ತೇನೋ ಹಾಳಾಗಿದೆ’ ಎಂದು ಮನೆಯವರು ಹೆದರುವುದು ಈ ಹೊತ್ತಿನಲ್ಲೇ. ಏನೂ ಹಾಳಾಗಿರುವುದಿಲ್ಲ. ಬ್ಲಾಕ್ ಇಳಿಯುವ ಮುಂಚೆಯೇ ಮಾತ್ರೆ ಹೊಟ್ಟೆಯಲ್ಲಿರಬೇಕು, ಅಷ್ಟೇ.

ಪ್ಯಾರಸಿಟಮಾಲ್

ಚೀಲದಲ್ಲಿ ಅತಿ ಅಗ್ಗದ್ದು ಇದು, ನಮ್ಮ ಲೆಕ್ಕದಲ್ಲಿ ಅತಿ ಉಪಯುಕ್ತವಾದದ್ದೂ ಇದೇ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ತಯಾರಿಸುವ ಡೋಲೋ 650 ಇರಲಿ, ಕ್ಯಾಲ್ಪಾಲ್ ಇರಲಿ, ಜನೌಷಧಿ ಕೇಂದ್ರದ ಹೆಸರಿಲ್ಲದ ಮಾತ್ರೆ ಇರಲಿ, ಒಳಗಿರುವ ಔಷಧಿ ಒಂದೇ. ಮಾತ್ರೆಗೆ ಎರಡು ರೂಪಾಯಿಯ ಆಸುಪಾಸು. ‘ಇದು ಜ್ವರದ ಮಾತ್ರೆ ಅಲ್ವಾ, ಇಷ್ಟು ದೊಡ್ಡ ನೋವಿಗೆ ಇದೇನು ಮಾಡುತ್ತೆ’ ಎಂದು ಬಹಳ ಜನ ಇದನ್ನೇ ಮೊದಲು ಬಿಟ್ಟುಬಿಡುತ್ತಾರೆ. ಒಂದೇ ಮಾತ್ರೆ ನುಂಗಿ ಕಾಯುತ್ತಾ ಕೂತರೆ ಅವರು ಹೇಳುವುದು ಸರಿಯೇ. ಇದರ ಬಲ ಇರುವುದು ಗಡಿಯಾರ ನೋಡಿ ತಪ್ಪದೆ ತೆಗೆದುಕೊಳ್ಳುವುದರಲ್ಲಿ. ಹಾಗೆ ತೆಗೆದುಕೊಂಡರೆ ಮೇಲಿನ ಬಿರುಸಾದ ಮಾತ್ರೆಗಳ ಅಗತ್ಯವೇ ಕಡಿಮೆಯಾಗುತ್ತದೆ.

ಎಡವಟ್ಟಾಗುವುದು ಚೀಟಿಯಲ್ಲಿ ಬರೆಯುವ 1-1-1ರಿಂದ. ಬೆಳಿಗ್ಗೆ ತಿಂಡಿ ಆದ ಮೇಲೆ ಎಂಟೂವರೆಗೆ ಒಂದು, ಮಧ್ಯಾಹ್ನ ಊಟಕ್ಕೆ ಒಂದೂವರೆಗೆ ಒಂದು, ರಾತ್ರಿ ಊಟಕ್ಕೆ ಎಂಟೂವರೆಗೆ ಒಂದು ಎಂದು ಮನೆಗಳಲ್ಲಿ ಓದಿಕೊಳ್ಳುತ್ತಾರೆ. ಹಗಲಿನ ಮಾತ್ರೆಗಳ ನಡುವೆ ಐದು, ಏಳು ಗಂಟೆ. ರಾತ್ರಿ ಮಾತ್ರ ಹನ್ನೆರಡು ಗಂಟೆ ಖಾಲಿ. ಔಷಧಿಯ ಕೆಲಸ ಮುಗಿಯುವುದು ಆರು ಗಂಟೆಯೊಳಗೆ. ಬೆಳಗಿನ ಜಾವ ಮೂರಕ್ಕೆ ನೋವಿನಿಂದ ಎಚ್ಚರವಾಗಿ, ಬೆಳಗಾಗುವವರೆಗೆ ನರಳಿ, ಹತ್ತು ಗಂಟೆಗೆ ಬರುವ ಫಿಸಿಯೋದವರನ್ನು ‘ಇವತ್ತು ಬೇಡ’ ಎಂದು ವಾಪಸ್ ಕಳಿಸುವುದರ ಮೂಲ ಈ ಹನ್ನೆರಡು ಗಂಟೆ. ವೈದ್ಯರು ದಿನಕ್ಕೆ ನಾಲ್ಕು ಮಾತ್ರೆಗೆ ಒಪ್ಪಿದ್ದರೆ ಬೆಳಿಗ್ಗೆ 5.30, 11.30, ಸಂಜೆ 5.30, ರಾತ್ರಿ 10.30 ಎಂದು ಹಂಚಿ. ಪ್ಯಾರಸಿಟಮಾಲನ್ನು ಖಾಲಿ ಹೊಟ್ಟೆಯಲ್ಲೂ ತೆಗೆದುಕೊಳ್ಳಬಹುದು, ಅದಕ್ಕಾಗಿ ಬೆಳಗಿನ ಜಾವ ತಿಂಡಿ ಮಾಡುವ ಅಗತ್ಯವಿಲ್ಲ. ಒಂದು ಡೋಸಿಗೂ ಇನ್ನೊಂದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರವಿರಬೇಕು. ಮೂರೇ ಮಾತ್ರೆ ಬರೆದಿದ್ದರೆ ಗಡಿಯಾರವನ್ನೇ ಸರಿಸಿ: ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10.

ಮಿತಿಯ ವಿಷಯಕ್ಕೆ ಬಂದರೆ, ದೊಡ್ಡವರಿಗೆ 24 ಗಂಟೆಗೆ 4 ಗ್ರಾಂ ಕಟ್ಟಕಡೆಯ ಗೆರೆ. ತೂಕ 50 ಕೆ.ಜಿ.ಗಿಂತ ಕಡಿಮೆ ಇರುವವರಿಗೆ, ಊಟ ಸೇರದೆ ಸೊರಗಿದ ಹಿರಿಯರಿಗೆ, ಲಿವರ್ ತೊಂದರೆ ಅಥವಾ ಮದ್ಯಪಾನದ ಅಭ್ಯಾಸ ಇರುವವರಿಗೆ ವೈದ್ಯರು ಅದಕ್ಕಿಂತ ಕೆಳಗೆ, ಬಹಳ ಸಲ 2ರಿಂದ 3 ಗ್ರಾಂಗೆ ನಿಲ್ಲಿಸುತ್ತಾರೆ. ಡೋಲೋ 650 ನಾಲ್ಕಾದರೆ 2,600 ಮಿ.ಗ್ರಾಂ, ನೆಮ್ಮದಿಯಾಗಿ ಒಳಗೇ ಇದೆ. ಅಪಾಯ ಬರುವುದು ಬೇರೆ ಹೆಸರಿನ ಮಾತ್ರೆಗಳೊಳಗೆ ಅಡಗಿ ಕೂತ ಪ್ಯಾರಸಿಟಮಾಲ್‌ನಿಂದ. ಟ್ರಮಡಾಲ್ ಬೆರೆತ ಅಲ್ಟ್ರಾಸೆಟ್ ಒಂದರಲ್ಲಿ 325 ಮಿ.ಗ್ರಾಂ ಇದೆ, ಅಸಿಕ್ಲೊಫೆನಾಕ್ ಬೆರೆತ ಜೆರೊಡಾಲ್-ಪಿ ಒಂದರಲ್ಲಿ ಇನ್ನೊಂದು 325. ಒಂದು ದಿನದ ಲೆಕ್ಕ ಹೀಗೆ ಹಾಕಿ: ಡೋಲೋ 650 ನಾಲ್ಕು, 2,600, ಅಲ್ಟ್ರಾಸೆಟ್ ಮೂರು, 975, ಜೆರೊಡಾಲ್-ಪಿ ಎರಡು, 650. ಒಟ್ಟು 4,225 ಮಿ.ಗ್ರಾಂ, ಗೆರೆ ದಾಟಿಯಾಯಿತು. ಇದರ ಮೇಲೆ ನೆಗಡಿ ಎಂದು ಮೆಡಿಕಲ್ ಶಾಪಿನಿಂದ ಸಿನಾರೆಸ್ಟ್ ತಂದರೆ ಅದರಲ್ಲೂ ಪ್ಯಾರಸಿಟಮಾಲ್. ಲಿವರ್ ಪೆಟ್ಟು ತಿನ್ನುವಾಗ ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ಅದೇ ಇದರ ಕೆಟ್ಟತನ. ಹಾಗಾಗಿ ಸ್ಟ್ರಿಪ್ಪಿನ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಪ್ರತಿ ಸ್ಟ್ರಿಪ್ಪಿನ ಮೇಲೆ ಮಾರ್ಕರ್ ಪೆನ್ನಿನಿಂದ ಒಳಗಿನ ಔಷಧಿಯ ಹೆಸರನ್ನು ಕನ್ನಡದಲ್ಲಿ ಬರೆದಿಡುವುದು ಐದು ನಿಮಿಷದ ಕೆಲಸ.

ಟ್ರಮಡಾಲ್

ಅಲ್ಟ್ರಾಸೆಟ್‌ನಂಥ ಮಾತ್ರೆಯಲ್ಲಿ ಟ್ರಮಡಾಲ್ 37.5 ಮಿ.ಗ್ರಾಂ, ಪ್ಯಾರಸಿಟಮಾಲ್ 325. ಮೊದಲ ಒಂದೆರಡು ವಾರಕ್ಕೆ, ಅದರಲ್ಲೂ ಫಿಸಿಯೋಗೆ ಮುಂಚೆ ಮತ್ತು ರಾತ್ರಿ ಮಲಗುವ ಮುಂಚೆ, ಇದಕ್ಕೊಂದು ಜಾಗ ಇದೆ. ಪ್ಯಾರಸಿಟಮಾಲ್ ಸಾಕಾಗದ ಹೊತ್ತಿನಲ್ಲಿ ಮೇಲಿಂದ ಸೇರಿಸಿಕೊಳ್ಳುವ ಮಾತ್ರೆ ಇದು. ದಿನವಿಡೀ ಆಧಾರವಾಗಿ ನಿಲ್ಲುವುದಲ್ಲ.

ಎಲ್ಲರಿಗೂ ಇದು ಒಗ್ಗುವುದಿಲ್ಲ. ವಾಕರಿಕೆ, ತಲೆಸುತ್ತು, ಮಲಬದ್ಧತೆ ಈ ಮೂರೂ ಸಾಮಾನ್ಯ. ಕೆಲವರು ಮೊದಲ ಮಾತ್ರೆಗೇ ವಾಂತಿ ಮಾಡಿಕೊಳ್ಳುತ್ತಾರೆ. ಏನಾದರೂ ತಿಂದ ಮೇಲೆ ಕೊಟ್ಟು, ಅರ್ಧ ಗಂಟೆ ಒರಗಿ ಕೂರಿಸಿದರೆ ಸ್ವಲ್ಪ ವಾಸಿ. ಆದರೂ ನಿಲ್ಲದಿದ್ದರೆ ವೈದ್ಯರಿಗೆ ಹೇಳಿ ಬದಲಾಯಿಸಬೇಕೇ ಹೊರತು ‘ದಿನಾ ವಾಂತಿ ಆದರೂ ಪರವಾಗಿಲ್ಲ’ ಎಂದು ಮುಂದುವರಿಸಬಾರದು. ತಲೆಸುತ್ತು ಇರುವಾಗ ರಾತ್ರಿ ಒಬ್ಬರೇ ಬಚ್ಚಲಿಗೆ ಹೋಗುವುದು ಹೊಸ ಮಂಡಿಗೆ ಅತಿ ದೊಡ್ಡ ಅಪಾಯ. ಆ ಮೊದಲ ವಾರಗಳಲ್ಲಿ ಪಕ್ಕದಲ್ಲಿ ಯಾರಾದರೂ ಮಲಗಿರಲಿ, ಬಚ್ಚಲ ದೀಪ ಆರಿಸಬೇಡಿ.

ಟ್ರಮಡಾಲ್ ಬರೆಯುವ ಮುಂಚೆ ವೈದ್ಯರಿಗೆ ತಿಳಿದಿರಲೇಬೇಕಾದ ಮೂರು ವಿಷಯ: ಎಂದಾದರೂ ಫಿಟ್ಸ್ ಬಂದಿತ್ತೇ, ಖಿನ್ನತೆಗೆ ಎಸ್ಸಿಟಲೋಪ್ರಾಮ್, ಸರ್ಟ್ರಲೀನ್‌ನಂಥ ಮಾತ್ರೆ ನಡೆಯುತ್ತಿದೆಯೇ, ಕಿಡ್ನಿ ಹೇಗಿದೆ. ಮನೋವೈದ್ಯರ ಮಾತ್ರೆಯ ವಿಷಯವನ್ನು ನಮ್ಮಲ್ಲಿ ಮೂಳೆ ಡಾಕ್ಟರ ಹತ್ತಿರ ಮುಚ್ಚಿಡುವವರೇ ಹೆಚ್ಚು. ಟ್ರಮಡಾಲ್ ಜೊತೆ ಅವು ಸೇರಿದರೆ ನಡುಕ, ವಿಪರೀತ ಬೆವರು, ಗಾಬರಿ, ಜ್ವರ ಬರುವ ಸಾಧ್ಯತೆ ಇದೆ. ಫಿಟ್ಸ್ ಅಪಾಯವೂ ಏರುತ್ತದೆ. ಹಿರಿಯರಲ್ಲಿ ಇನ್ನೊಂದು: ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸೋಡಿಯಂ ಇಳಿಯಬಹುದು, ಟ್ರಮಡಾಲ್ ಅದಕ್ಕೆ ಜೊತೆಗೂಡಬಹುದು. ರಾತ್ರಿ ಎದ್ದು ಅಸಂಬದ್ಧ ಮಾತಾಡಿದರೆ ‘ವಯಸ್ಸಾಯ್ತು’ ಎಂದು ಬಿಡಬೇಡಿ. ಮಾತ್ರೆ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ. ಶುಗರ್, ಸೋಡಿಯಂ ಎರಡೂ ನೋಡಿಸಿ.

ಮೆಡಿಕಲ್ ಶಾಪಿನವರು ಇದಕ್ಕೆ ಚೀಟಿ ಕೇಳಿದರೆ ಸಿಟ್ಟಾಗಬೇಡಿ. ಟ್ರಮಡಾಲ್ ಷೆಡ್ಯೂಲ್ ಎಚ್1 ಔಷಧಿ, 2018ರಿಂದ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ಅಡಿಯಲ್ಲೂ ಇದೆ. ಅವರು ರಿಜಿಸ್ಟರಿನಲ್ಲಿ ಬರೆದುಕೊಳ್ಳಲೇಬೇಕು. ಹಳ್ಳಿಯಿಂದ ದೊಡ್ಡ ಊರಿಗೆ ಬಂದು ಆಪರೇಷನ್ ಮಾಡಿಸಿಕೊಂಡವರು ವಾಪಸ್ ಹೊರಡುವ ಮುಂಚೆಯೇ ಎಷ್ಟು ದಿನಕ್ಕೆ ಬೇಕೋ ಅಷ್ಟಕ್ಕೂ ಸರಿಯಾದ ಚೀಟಿ ಬರೆಸಿಕೊಂಡು ಹೋಗುವುದು ಜಾಣತನ. ವಾಟ್ಸಾಪಿನಲ್ಲಿ ಬಂದ ಮಸುಕು ಫೋಟೋಗೆ ಊರಿನ ಅಂಗಡಿಯಲ್ಲಿ ಕೊಡದೇ ಇರಬಹುದು.

ಬಾವು ಇಳಿಸುವ ನೋವಿನ ಮಾತ್ರೆಗಳು

ಎಟೋರಿಕಾಕ್ಸಿಬ್, ಸೆಲೆಕಾಕ್ಸಿಬ್, ಅಸಿಕ್ಲೊಫೆನಾಕ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಎಲ್ಲ ಒಂದೇ ಕುಲದವು. ಮಂಡಿ ಆಪರೇಷನ್ ನೋವಿನ ಬಹುಪಾಲು ಬಾವಿನದ್ದಾದ್ದರಿಂದ ಈ ಗುಂಪು ಚೆನ್ನಾಗಿ ಕೆಲಸ ಮಾಡುತ್ತದೆ. ಪ್ಯಾರಸಿಟಮಾಲ್ ಜೊತೆ ಇವುಗಳಲ್ಲಿ ಒಂದು ಸೇರಿದರೆ ಬಹಳಷ್ಟು ಜನರಿಗೆ ಟ್ರಮಡಾಲ್ ಹತ್ತಿರ ಹೋಗುವ ಅಗತ್ಯವೇ ಬೀಳುವುದಿಲ್ಲ. ಕೆಲಸದಲ್ಲಿ ಪೂರ್ಣ ಅಂಕ ಕೊಡಬಹುದು. ಆದರೆ ಮಂಡಿ ಬದಲಾಯಿಸಿಕೊಳ್ಳುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ಬಿಪಿ, ಶುಗರ್ ಇರುವವರು. ಇವು ಕೆಡಿಸುವುದೂ ಅಂಥವರ ಮೈಯನ್ನೇ.

ಮೊದಲು ಕಿಡ್ನಿ. ಬಿಪಿಗೆ ಟೆಲ್ಮಾ-ಎಚ್‌ನಂಥ ಮಾತ್ರೆ ತೆಗೆದುಕೊಳ್ಳುವವರ ಹೊಟ್ಟೆಗೆ ಈಗಾಗಲೇ ಎರಡು ಔಷಧಿ ಹೋಗುತ್ತಿದೆ: ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್. ಈ ಎರಡರ ಮೇಲೆ ಮೂರನೆಯದಾಗಿ ಎಟೋರಿಕಾಕ್ಸಿಬ್ ಬಂದರೆ ಕಿಡ್ನಿಗೆ ಹೋಗುವ ರಕ್ತ ಒಮ್ಮೆಲೇ ಕಡಿಮೆಯಾಗಬಹುದು. ಬಚ್ಚಲಿಗೆ ಹೋಗುವುದು ಕಷ್ಟ ಎಂದು ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಊಟವೂ ಸೇರುವುದಿಲ್ಲ, ಮೇಲಿಂದ ಟ್ರಮಡಾಲ್ ವಾಂತಿ. ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ, ಕ್ರಿಯಾಟಿನಿನ್, ಏರುವುದಕ್ಕೆ ಇಷ್ಟು ಸಾಕು. ಆಪರೇಷನ್‌ಗೆ ಮುಂಚಿನ ಕ್ರಿಯಾಟಿನಿನ್ ಎಷ್ಟಿತ್ತು ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಹುಡುಕಿ ಗುರುತು ಹಾಕಿಟ್ಟುಕೊಳ್ಳಿ. ಹೊಲಿಗೆ ಅಥವಾ ಪಿನ್ನು ತೆಗೆಸಲು ಹೋದಾಗ ಮತ್ತೊಮ್ಮೆ ಮಾಡಿಸಬೇಕೇ ಎಂದು ಕೇಳಿ. ಮೂತ್ರ ತೀರಾ ಕಡಿಮೆಯಾದರೆ, ಮುಖ ಮತ್ತು ಎರಡೂ ಪಾದ ಊದಿದರೆ ಆ ದಿನವೇ ತಿಳಿಸಬೇಕು.

ಹೃದಯದ ವಿಷಯದಲ್ಲಿ ಎಟೋರಿಕಾಕ್ಸಿಬ್ ಕುರಿತು ನಮಗೆ ಸ್ಪಷ್ಟ ಅಭಿಪ್ರಾಯ ಇದೆ. ದಿನಕ್ಕೆ ಒಂದೇ ಮಾತ್ರೆ, ಹೊಟ್ಟೆಗೆ ಕೊಂಚ ಹಗುರ, ನೋವಿಗೆ ಬಿರುಸು, ಆದ್ದರಿಂದ ನಮ್ಮಲ್ಲಿ ಧಾರಾಳವಾಗಿ ಬರೆಯುತ್ತಾರೆ. ಆದರೆ ಹಾರ್ಟ್ ಅಟ್ಯಾಕ್, ಸ್ಟೆಂಟ್, ಪಾರ್ಶ್ವವಾಯು, ಹಾರ್ಟ್ ಫೇಲ್ಯೂರ್ ಆದವರಿಗೆ ಇದು ಬೇಡ. ಬಿಪಿ 140/90ಕ್ಕಿಂತ ಮೇಲೆಯೇ ನಿಂತಿದ್ದರೆ ಅವರಿಗೂ ಬೇಡ. ಇದೇ ಗುಂಪಿನ ರೋಫೆಕಾಕ್ಸಿಬ್ ಹೃದಯಾಘಾತ ಹೆಚ್ಚಿಸುತ್ತದೆಂದು 2004ರಲ್ಲಿ ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹೊರಬಿತ್ತು. ಎಟೋರಿಕಾಕ್ಸಿಬ್‌ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಒಪ್ಪಿಗೆ ಕೊಡಲಿಲ್ಲ. ಯುರೋಪಿನಲ್ಲಿ, ಭಾರತದಲ್ಲಿ ಬಳಕೆಯಲ್ಲಿದೆ, ಸರಿಯಾದ ರೋಗಿಗೆ ಕೆಲವು ದಿನಗಳ ಮಟ್ಟಿಗೆ ಒಳ್ಳೆಯ ಔಷಧಿಯೇ. ಸಾಮಾನ್ಯವಾಗಿ ಸಿಗುವುದು 60, 90, 120 ಮಿ.ಗ್ರಾಂ. 120 ಇರುವುದು ಗೌಟಿನಂಥ ಹಠಾತ್ ಕೀಲುನೋವಿಗೆ, ಅದೂ ಎಂಟು ದಿನ ಮೀರದಂತೆ. ‘90 ಸಾಲುತ್ತಿಲ್ಲ, 120 ಕೊಡಿ’ ಎಂದು ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಯಲ್ಲ. ಇದನ್ನು ತೆಗೆದುಕೊಳ್ಳುವಷ್ಟೂ ದಿನ ಮನೆಯಲ್ಲಿ ಬಿಪಿ ನೋಡುತ್ತಿರಿ. ಸೆಲೆಕಾಕ್ಸಿಬ್ 100 ಅಥವಾ 200 ಮಿ.ಗ್ರಾಂ ದಿನಕ್ಕೆರಡು ಸಲ ಬರೆದಿದ್ದರೆ ನಮಗೆ ಅದೇ ಹೆಚ್ಚು ಮೆಚ್ಚುಗೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕೆಲಸವನ್ನು ಅದು ಕೆಡಿಸುವುದಿಲ್ಲ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿರುವ ದಿನಗಳಲ್ಲಿ ಅದು ಸಣ್ಣ ವಿಷಯವಲ್ಲ. ಸಲ್ಫಾ ಗುಂಪಿನ ಔಷಧಿಗಳಿಗೆ ಅಲರ್ಜಿ ಇದ್ದರೆ ಮಾತ್ರ ಮೊದಲೇ ಹೇಳಿ.

ಮಂಡಿ ಆಪರೇಷನ್ ಆದವರೆಲ್ಲರಿಗೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಏನಾದರೊಂದು ಕೊಟ್ಟೇ ಇರುತ್ತಾರೆ: ಆಸ್ಪಿರಿನ್, ರಿವರೋಕ್ಸಬಾನ್ 10 ಮಿ.ಗ್ರಾಂ, ಅಪಿಕ್ಸಬಾನ್ 2.5 ಮಿ.ಗ್ರಾಂ ದಿನಕ್ಕೆರಡು, ಇಲ್ಲವೇ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್. ಇವುಗಳ ಜೊತೆ ಬಾವಿನ ಮಾತ್ರೆ ಸೇರಿದಾಗ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಹೆಚ್ಚು. ಪ್ಯಾನ್ 40ರಂಥ ಪ್ಯಾಂಟೊಪ್ರಜೋಲ್ ಬರೆದಿರುವುದು ಇದಕ್ಕೇ. ‘ಗ್ಯಾಸ್ ಇಲ್ಲವಲ್ಲ’ ಎಂದು ಅದನ್ನು ಬಿಡಬಾರದು. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ, ಜಜ್ಜದೆ, ಇಡಿಯಾಗಿ ನುಂಗಬೇಕು. ಬಾವಿನ ಮಾತ್ರೆ ತಿಂಡಿ ಅಥವಾ ಊಟದ ನಂತರ. ಮಲ ಡಾಂಬರಿನಂತೆ ಕಪ್ಪಾದರೆ ಬಾವಿನ ಮಾತ್ರೆ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಚೀಲದಲ್ಲಿ ಅದಿದ್ದರೆ ವೈದ್ಯರಿಗೆ ಹೇಳಿ, ಆದರೆ ಅದೇ ಕಾರಣ ಎಂದು ನೀವೇ ತೀರ್ಮಾನಿಸಬೇಡಿ.

ಇನ್ನೊಂದು ತಪ್ಪು ನಂಬಿಕೆ ಊರೂರಲ್ಲೂ ಇದೆ: ಮಾತ್ರೆಯಾದರೆ ಹೊಟ್ಟೆ ಸುಡುತ್ತದೆ, ಇಂಜೆಕ್ಷನ್ ಆದರೆ ಏನೂ ಆಗುವುದಿಲ್ಲ. ಡೈಕ್ಲೊಫೆನಾಕ್ ಇಂಜೆಕ್ಷನ್ ರಕ್ತಕ್ಕೆ ಸೇರಿಯೇ ಕೆಲಸ ಮಾಡುವುದು. ಹೊಟ್ಟೆಗೂ ಕಿಡ್ನಿಗೂ ಆಗುವ ತೊಂದರೆ ಹಾಗೆಯೇ ಉಳಿಯುತ್ತದೆ. ರಕ್ತ ತೆಳುವಾಗಿಸುವ ಔಷಧಿ ನಡೆಯುವಾಗ ಸೊಂಟಕ್ಕೆ ಚುಚ್ಚಿಸಿಕೊಂಡರೆ ಅಲ್ಲೇ ರಕ್ತ ಗಡ್ಡೆಕಟ್ಟಬಹುದು. ಈಗಾಗಲೇ ಎಟೋರಿಕಾಕ್ಸಿಬ್ ನುಂಗುತ್ತಿರುವವರು ಓಣಿಯ ಕ್ಲಿನಿಕ್ಕಿನಲ್ಲಿ ‘ಒಂದು ನೋವಿನ ಇಂಜೆಕ್ಷನ್’ ಹಾಕಿಸಿಕೊಂಡರೆ ಒಂದೇ ಕುಲದ ಎರಡು ಔಷಧಿ ಮೈಗೆ ಸೇರಿದಂತೆ. ಕಾಂಬಿಫ್ಲಾಮ್ ವಿಷಯವೂ ಅಷ್ಟೇ, ಅದರಲ್ಲಿರುವುದು ಐಬುಪ್ರೊಫೆನ್ ಮತ್ತು ಪ್ಯಾರಸಿಟಮಾಲ್. ಈ ಕುಲದಿಂದ ಒಂದೇ ಒಂದು, ಅದೂ ಬರೆದಷ್ಟು ದಿನ ಮಾತ್ರ.

ಪ್ರಿಗ್ಯಾಬಲಿನ್ ಮತ್ತು ಪ್ಯಾಚ್

ರಾತ್ರಿಗೆ 75 ಮಿ.ಗ್ರಾಂ ಪ್ರಿಗ್ಯಾಬಲಿನ್ ಬರೆಯುವುದು ಉರಿ, ಚುಚ್ಚು, ಕರೆಂಟ್ ಹೊಡೆದಂಥ ನರದ ನೋವಿಗೆ. ಅಂಥ ನೋವಿದ್ದವರಿಗೆ ಸಹಾಯ ಆಗುತ್ತದೆ. ಬರೀ ಬಾವಿನ ನೋವಿದ್ದವರಿಗೆ ಮಂಪರು ಮಾತ್ರ ಉಳಿಯುತ್ತದೆ, ಬೆಳಿಗ್ಗೆ ಹತ್ತಾದರೂ ತಲೆ ಭಾರ. ಎಪ್ಪತ್ತು ದಾಟಿದವರಿಗೆ ಇದನ್ನು ಮಾಮೂಲಿಯಾಗಿ ಸೇರಿಸುವುದು ನಮಗೆ ಒಪ್ಪಿಗೆಯಿಲ್ಲ. ಟ್ರಮಡಾಲ್‌ನಂಥ ಔಷಧಿಗಳ ಜೊತೆ, ವಯಸ್ಸಾದವರಲ್ಲಿ, ದಮ್ಮು ಇರುವವರಲ್ಲಿ ಇದು ಉಸಿರಾಟವನ್ನು ತಗ್ಗಿಸಬಹುದೆಂದು ಎಫ್‌ಡಿಎ 2019ರಲ್ಲೇ ಎಚ್ಚರಿಕೆ ಕೊಟ್ಟಿದೆ. ಇದು ಪಾದವನ್ನೂ ಊದಿಸುತ್ತದೆ. ಆಪರೇಷನ್ ಆದ ಕಾಲು ಊದಿದಾಗ ಅದು ಮಾತ್ರೆಯಿಂದಲೋ ರಕ್ತ ಹೆಪ್ಪುಗಟ್ಟಿಯೋ ಎಂಬ ಗೊಂದಲ ಹುಟ್ಟುತ್ತದೆ. ಮಾತ್ರೆಯ ಊತ ಸಾಮಾನ್ಯವಾಗಿ ಎರಡೂ ಪಾದಕ್ಕೆ ಬರುತ್ತದೆ. ಒಂದೇ ಕಾಲಿನ ಮೀನಖಂಡ ಬಿಗಿದು ನೋಯುತ್ತಿದ್ದರೆ ಮನೆಯಲ್ಲಿ ಕೂತು ಊಹಿಸುವುದು ಬೇಡ, ರಕ್ತನಾಳದಲ್ಲಿ ಹೆಪ್ಪು ಇದೆಯೇ ಎಂದು ನೋಡುವ ಡಾಪ್ಲರ್ ಸ್ಕ್ಯಾನ್ ಆಗಬೇಕು. ವಾರಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸದೆ, ವೈದ್ಯರು ಹೇಳಿದಂತೆ ಕನಿಷ್ಠ ಒಂದು ವಾರದಲ್ಲಿ ಇಳಿಸುತ್ತಾ ಬರಬೇಕು.

ಬ್ಯುಪ್ರಿನಾರ್ಫಿನ್ ಪ್ಯಾಚ್ ಒಂದನ್ನು ಅಂಟಿಸಿದರೆ ಏಳು ದಿನ. ಚೀಲದಲ್ಲಿ ಅತಿ ದುಬಾರಿ ಇದೇ ಇರಬಹುದು. ಮಾತ್ರೆ ನುಂಗಿದರೆ ವಾಂತಿ ಬರುವವರಿಗೆ, ಕಿಡ್ನಿ ಕೆಟ್ಟು ಬಾವಿನ ಮಾತ್ರೆ ಕೊಡಲಾಗದವರಿಗೆ ಇದೊಂದು ದಾರಿ. ಆದರೆ ಪೂರ್ತಿ ಪ್ರಭಾವ ಬರಲು ಮೂರು ದಿನದವರೆಗೂ ಬೇಕು. ಇವತ್ತಿನ ನೋವಿಗೆ ಇವತ್ತು ಅಂಟಿಸಿ ಸಂಜೆಗೆ ‘ಏನೂ ಪ್ರಯೋಜನವಿಲ್ಲ’ ಎಂದು ಕಿತ್ತುಹಾಕುವುದರಲ್ಲಿ ಅರ್ಥವಿಲ್ಲ. ತೋಳಿನ ಮೇಲ್ಭಾಗದ ಹೊರಮೈ, ಎದೆಯ ಮೇಲ್ಭಾಗ ಅಥವಾ ಬೆನ್ನಿನ ಮೇಲ್ಭಾಗ ಇದರ ಜಾಗ, ಮಂಡಿಯಲ್ಲ. ಕೂದಲಿದ್ದರೆ ಕತ್ತರಿಯಿಂದ ಕತ್ತರಿಸಿ, ಬೋಳಿಸಬೇಡಿ. ಬರೀ ನೀರಲ್ಲಿ ಒರೆಸಿ ಪೂರ್ತಿ ಒಣಗಿಸಿ. ಮೈಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಇರುವ ಮನೆಗಳಲ್ಲಿ ಪ್ಯಾಚ್ ಎದ್ದು ಬರುವುದಕ್ಕೆ ಎಣ್ಣೆಯ ಜಿಡ್ಡೇ ಕಾರಣ. ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕತ್ತರಿಸಿ ಅರ್ಧ ಅಂಟಿಸುವಂತಿಲ್ಲ. ಅದರ ಮೇಲೆ ಬಿಸಿನೀರಿನ ಬ್ಯಾಗ್ ಇಡುವುದಾಗಲಿ, ಹಂಡೆಯ ಸುಡುನೀರು ಹುಯ್ಯುವುದಾಗಲಿ ಕೂಡದು. ಬಿಸಿ ತಗುಲಿದರೆ ಔಷಧಿ ಒಮ್ಮೆಲೇ ಮೈಗಿಳಿದು ಅತಿಯಾದ ಮಂಪರು ಬರುತ್ತದೆ. ಜೋರು ಜ್ವರ ಬಂದರೂ ಇದೇ ಅಪಾಯ. ತೆಗೆದ ಪ್ಯಾಚಿನಲ್ಲಿ ಔಷಧಿ ಇನ್ನೂ ಉಳಿದಿರುತ್ತದೆ, ಅಂಟನ್ನು ಒಳಮುಖವಾಗಿ ಮಡಚಿ ಮಕ್ಕಳ ಕೈಗೆ ಸಿಗದಂತೆ ಎಸೆಯಬೇಕು. ಹೊಸದನ್ನು ಬೇರೆ ಜಾಗಕ್ಕೆ ಅಂಟಿಸಿ. ಅದೇ ಜಾಗಕ್ಕೆ ಮೂರು ವಾರ ಬಿಡುವು ಕೊಡಿ.

ದಂಡದ ಮಾತ್ರೆಗಳು

ಬಾವು ಇಳಿಯಲೆಂದು ಸೆರಾಶಿಯೋಪೆಪ್ಟಿಡೇಸ್ ಅಥವಾ ಟ್ರಿಪ್ಸಿನ್-ಕೈಮೋಟ್ರಿಪ್ಸಿನ್ ನಮ್ಮಲ್ಲಿ ಸಲೀಸಾಗಿ ಬರೆಯುತ್ತಾರೆ. ಜೆರೊಡಾಲ್-ಎಸ್‌ಪಿಯಲ್ಲಿ ‘ಎಸ್’ ಎಂದರೆ ಈ ಸೆರಾಶಿಯೋಪೆಪ್ಟಿಡೇಸ್. ಜಪಾನಿನಲ್ಲಿ ಹುಟ್ಟಿದ ಔಷಧಿ ಇದು. ಔಷಧಿಯೇ ಇಲ್ಲದ ಬರೀ ಸಕ್ಕರೆ ಗುಳಿಗೆಗಿಂತ ಹೆಚ್ಚೇನೂ ಮಾಡುವುದಿಲ್ಲ ಎಂದು ಪರೀಕ್ಷೆಯಲ್ಲಿ ಕಂಡುಬಂದ ಮೇಲೆ ಅಲ್ಲಿನ ತಯಾರಕರಾದ ಟಕೇಡಾ ಕಂಪನಿಯೇ 2011ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಟ್ರಿಪ್ಸಿನ್-ಕೈಮೋಟ್ರಿಪ್ಸಿನ್ ಪರವಾಗಿಯೂ ಗಟ್ಟಿ ಆಧಾರ ಕಡಿಮೆ. ಚೀಲ ಹಗುರ ಮಾಡಬೇಕೆಂದರೆ ವೈದ್ಯರನ್ನು ಕೇಳಿ ಮೊದಲು ಬಿಡಬಹುದಾದವು ಇವೇ. ಆ ದುಡ್ಡಿಗೆ ಎರಡು ಒಳ್ಳೆಯ ಜೆಲ್ ಐಸ್ ಪ್ಯಾಕ್ ಬರುತ್ತದೆ.

ಐಸ್ ಪ್ಯಾಕ್ ಮಾತ್ರೆಯಲ್ಲದಿದ್ದರೂ ಈ ವಿಮರ್ಶೆಯಲ್ಲಿ ಅದಕ್ಕೆ ಎರಡನೇ ಸ್ಥಾನ. ತೆಳು ಬೈರಾಸಿನಲ್ಲಿ ಸುತ್ತಿ 15ರಿಂದ 20 ನಿಮಿಷ, ವ್ಯಾಯಾಮ ಮುಗಿದ ಕೂಡಲೇ ಒಮ್ಮೆ, ಮಲಗುವ ಮುಂಚೆ ಒಮ್ಮೆ, ನಡುವೆ ಎರಡು ಮೂರು ಸಲ. ಬರಿ ಚರ್ಮದ ಮೇಲೆ ಇಡಬೇಡಿ. ಮಂಡಿಯ ಹೊರಬದಿಯಲ್ಲಿ ಸ್ವಲ್ಪ ಜಾಗ ಸ್ಪರ್ಶವೇ ಇಲ್ಲದಂತಾಗಿರುವುದು ಈ ಆಪರೇಷನ್‌ನಲ್ಲಿ ಸಾಮಾನ್ಯ, ಚರ್ಮ ಹೆಪ್ಪುಗಟ್ಟಿದರೂ ಗೊತ್ತಾಗುವುದಿಲ್ಲ. ಶುಗರ್‌ನಿಂದ ಪಾದ ಜೋಮು ಹಿಡಿದವರಿಗೆ ಇನ್ನೂ ಎಚ್ಚರ. ಐಸ್ ಇಡುವಾಗ ಕಾಲು ಎತ್ತರದಲ್ಲಿರಲಿ, ಆದರೆ ದಿಂಬು ಹಿಮ್ಮಡಿಯ ಕೆಳಗೆ. ಮಂಡಿಯ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ, ಅದೇ ಸ್ಥಿತಿಯಲ್ಲಿ ಕಾಲು ಬಗ್ಗಿಕೊಂಡು ನೆಟ್ಟಗಾಗದೆ ಉಳಿದುಬಿಡುತ್ತದೆ.

ವೊಲಿನಿಯಂಥ ಜೆಲ್, ಸ್ಪ್ರೇ ಗಾಯ ಪೂರ್ತಿ ಮಾಯುವವರೆಗೆ ಮಂಡಿಯ ಹತ್ತಿರ ಬೇಡ. ಎಣ್ಣೆ ಉಜ್ಜುವುದು, ಬಿಸಿ ಶಾಖ ಕೊಡುವುದು ಮೊದಲ ವಾರಗಳಲ್ಲಿ ಬೇಡವೇ ಬೇಡ, ಬಾವು ಹೆಚ್ಚುತ್ತದೆ. ಲೇಬಲ್ ಇಲ್ಲದ ‘ಮಂಡಿ ನೋವಿನ ಪುಡಿ, ಗುಳಿಗೆ’ಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಅನೇಕ ಸಲ ಸಿಕ್ಕಿಬಿದ್ದಿದೆ. ಎರಡೇ ದಿನಕ್ಕೆ ನೋವು ಮಾಯವಾಗುವುದು, ಶುಗರ್ ಮುನ್ನೂರಕ್ಕೆ ಏರುವುದು ಎರಡೂ ಅದರಿಂದಲೇ. ಹೊಸ ಕೀಲಿನ ಸುತ್ತ ಸೋಂಕು ತಗುಲಿದರೆ ಮತ್ತೆ ಕೊಯ್ಯಬೇಕಾಗುತ್ತದೆ, ಸ್ಟಿರಾಯ್ಡ್ ಆ ಸೋಂಕಿಗೆ ಬಾಗಿಲು ತೆರೆಯುತ್ತದೆ.

ಹೊಟ್ಟೆ ಕಟ್ಟಿದರೆ ಎಲ್ಲವೂ ಕಟ್ಟುತ್ತದೆ

ಟ್ರಮಡಾಲ್ ಅಥವಾ ಪ್ಯಾಚ್ ಶುರುವಾದ ದಿನವೇ ಮಲಬದ್ಧತೆಯ ಔಷಧಿಯೂ ಶುರುವಾಗಬೇಕು. ನಾಲ್ಕು ದಿನ ಕಟ್ಟಿಕೊಂಡ ಮೇಲೆ ಓಡಾಡುವುದರಲ್ಲಿ ಅರ್ಥವಿಲ್ಲ. ಈ ಔಷಧಿಗಳು ಕರುಳಿನ ಚಲನೆಯನ್ನೇ ನಿಧಾನ ಮಾಡುವುದರಿಂದ ಬರೀ ಇಸಬಗೋಲ್ ಸಾಲದು. ನೀರು ಕಡಿಮೆ ಕುಡಿದರೆ ಅದೇ ಒಳಗೆ ಗಟ್ಟಿಯಾಗಿ ಇನ್ನಷ್ಟು ತೊಂದರೆ. ರಾತ್ರಿ ಡುಫಲಾಕ್‌ನಂಥ ಲ್ಯಾಕ್ಟುಲೋಸ್ 15ರಿಂದ 30 ಮಿ.ಲೀ., ಸಾಲದಿದ್ದರೆ ಬಿಸಕೋಡಿಲ್ 5 ಮಿ.ಗ್ರಾಂ ಮಾತ್ರೆ ಸಾಮಾನ್ಯವಾಗಿ ಬರೆಯುತ್ತಾರೆ. ಬಿಸಕೋಡಿಲನ್ನು ಹಾಲಿನ ಜೊತೆ ಕೊಡಬಾರದು, ಮೇಲಿನ ಲೇಪ ಹೊಟ್ಟೆಯಲ್ಲೇ ಕರಗಿ ನುಲಿಯುತ್ತದೆ. ಜೊತೆಗೆ ಪಪ್ಪಾಯಿ, ಸೊಪ್ಪಿನ ಪಲ್ಯ, ತೆಳು ರಾಗಿ ಅಂಬಲಿ. ಕುಕ್ಕರುಗಾಲಲ್ಲಿ ಕೂರುವ ಪ್ರಶ್ನೆಯೇ ಇಲ್ಲ; ಮನೆಯಲ್ಲಿ ವೆಸ್ಟರ್ನ್ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿಯನ್ನು ಆಪರೇಷನ್‌ಗೆ ಮುಂಚೆಯೇ ತಂದಿಡಬೇಕು.

ಹೊತ್ತು ಮತ್ತು ಇಳಿಕೆ

ಹತ್ತು ಗಂಟೆಗೆ ಫಿಸಿಯೋ ಇದ್ದರೆ ಒಂಬತ್ತಕ್ಕೆ ಮಾತ್ರೆ ಹೊಟ್ಟೆಯಲ್ಲಿರಬೇಕು. ಫಿಸಿಯೋದವರು ಗೇಟು ತೆಗೆದ ಸದ್ದಿಗೆ ಮಾತ್ರೆ ಹುಡುಕಿದರೆ ಪ್ರಭಾವ ಬರುವ ಹೊತ್ತಿಗೆ ಅವರು ಹೊರಟಿರುತ್ತಾರೆ. ಅವರು ಬರುವ ಹೊತ್ತನ್ನು ಮಾತ್ರೆಯ ಹೊತ್ತಿಗೆ ಹೊಂದಿಸಿಕೊಳ್ಳಲು ಕೇಳಿ, ಒಪ್ಪುತ್ತಾರೆ. ಗೋಡೆಗೆ ಒಂದು ಹಾಳೆ ಅಂಟಿಸಿ, ಕೊಟ್ಟ ಹೊತ್ತು, ಮಾತ್ರೆ, ಆಗಿನ ನೋವು ಹತ್ತರಲ್ಲಿ ಎಷ್ಟು ಎಂದು ಮೂರು ಸಾಲು ಬರೆಯುತ್ತಾ ಹೋಗಿ. ಮಗ ಕೊಟ್ಟ ಮಾತ್ರೆಯನ್ನೇ ಸೊಸೆಯೂ ಕೊಡುವುದು ಈ ಹಾಳೆಯಿಂದ ತಪ್ಪುತ್ತದೆ. ಫಾಲೋಅಪ್ ದಿನ ವೈದ್ಯರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಕಡಿಮೆ ಮಾಡುವಾಗ ಬಿರುಸಾದದ್ದು ಮೊದಲು. ಹಗಲಿನ ಟ್ರಮಡಾಲ್ ಮೊದಲು ಹೋಗಲಿ, ಆಮೇಲೆ ರಾತ್ರಿಯದು, ನಂತರ ಬಾವಿನ ಮಾತ್ರೆ, ಕೊನೆಯವರೆಗೆ ಪ್ಯಾರಸಿಟಮಾಲ್. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ, ಪ್ಯಾರಸಿಟಮಾಲ್ ಬಿಟ್ಟು ಟ್ರಮಡಾಲ್ ಉಳಿಸಿಕೊಳ್ಳುತ್ತಾರೆ. ಮೊದಲ ಎರಡು ವಾರ ಜೋರು, ಆರು ವಾರದ ಹೊತ್ತಿಗೆ ಬಹಳಷ್ಟು ಜನರಿಗೆ ವ್ಯಾಯಾಮದ ಮುಂಚೆ ಪ್ಯಾರಸಿಟಮಾಲ್ ಮಾತ್ರ ಸಾಕು. ರಾತ್ರಿಯ ಮಂದ ನೋವು, ಮಂಡಿಯ ಬಿಸುಪು, ಸಂಜೆಯ ಊತ ಮೂರು ತಿಂಗಳವರೆಗೂ ಇರಬಹುದು, ಅದು ಸೋಲಲ್ಲ. ಆರು ವಾರವಾದರೂ ಟ್ರಮಡಾಲ್ ಬಿಡಲಾಗುತ್ತಿಲ್ಲವೆಂದರೆ ಇನ್ನೊಂದು ಸ್ಟ್ರಿಪ್ ತರುವ ಮುಂಚೆ ಸರ್ಜನ್ನರನ್ನು ನೋಡಿ.

ಇಳಿಯುತ್ತಾ ಬಂದ ನೋವು ಕಾರಣವಿಲ್ಲದೆ ಮತ್ತೆ ಏರುವುದು, ಗಾಯದಿಂದ ಕೀವು ಅಥವಾ ನೀರು ಸೋರುವುದು, ಕೆಂಪು ಹರಡುವುದು, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ಇವುಗಳಿಗೆ ಮಾತ್ರೆ ಹೆಚ್ಚಿಸುವುದು ಉತ್ತರವಲ್ಲ. ಆಪರೇಷನ್ ಮಾಡಿದವರಿಗೆ ಅದೇ ದಿನ ಫೋನ್ ಮಾಡಬೇಕು. ಪ್ಯಾರಸಿಟಮಾಲ್ ನಡೆಯುತ್ತಿರುವಾಗ ಜ್ವರ ಮರೆಯಾಗಿರುತ್ತದೆ, ಆದ್ದರಿಂದ ಮಾತ್ರೆಗೆ ಮುಂಚೆಯೇ ಥರ್ಮಾಮೀಟರ್ ಇಡಿ. ಎದೆನೋವು, ಹಠಾತ್ತನೆ ಉಸಿರು ಕಟ್ಟುವುದು, ಎಬ್ಬಿಸಿದರೂ ಏಳದ ಮಂಪರು ಕಂಡರೆ ಫೋನಿಗೂ ಕಾಯದೆ 108 ಆಂಬುಲೆನ್ಸ್ ಕರೆಯಿರಿ, ಹೊರಡುವಾಗ ಔಷಧಿ ಚೀಲವನ್ನೂ ಗೋಡೆಯ ಹಾಳೆಯನ್ನೂ ಜೊತೆಗೆ ಒಯ್ಯಿರಿ.